ಬುರುಲ್ ಅಪಾ ಎಳೆದ ಪೊರೆ

ನಮ್ಮ ಮಹಡಿಯಲ್ಲಿ ಎದುರು ಬಾಗಿಲಿನವರು ಬುರುಲ್ ಅಪಾ; ಅಪಾ ಎಂದರೆ ನಮ್ಮಲ್ಲಿ ಅಮ್ಮ. ಬಿಷ್ಕೆಕ್ ಪೇಟೆಯ ಹಾಲಿನ ಸಾಲಿನಲ್ಲಿ ಕೂತು ಮೊಸರು, ಕೆನೆ ಮಾರಿಯೇ ಕೂದಲು ನೆರೆಸಿಕೊಂಡವರು. ಗಿರಾಕಿ ಮೊಸರಿಗೆ ಹುಳಿ ಜಾಸ್ತಿ ಎಂದರೆ "ನಿನ್ನ ಮುಖಕ್ಕಿಂತ ಕಮ್ಮಿನೇ ಇದೆ, ತಗೊಂಡು ಹೋಗು" ಎನ್ನುವ ಬಾಯಿ. ಆ ಬಾಯಿ ಕಟ್ಟಿಹೋದದ್ದನ್ನೂ ನಾನು ನೋಡಿದ್ದೇನೆ.

ಅವರ ಮಗ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದಕ್ಕಿಂತ ಗಡಿಯಾಚೆ ಇರುವುದೇ ಹೆಚ್ಚು. ಅವನು ಮದುವೆಯಾಗಿ ತಂದ ಹುಡುಗಿ ಚೋಲ್ಪೋನ್, ಔಷಧಿ ಅಂಗಡಿಯಲ್ಲಿ ಕೆಲಸ. ಸೊಸೆಯ ಜೊತೆ ರಜಾಯಿ, ದಿಂಬು ಬರಬೇಕು, ಬಂದವು. ಅವುಗಳ ಹಿಂದೆಯೇ ಒಂದು ಗಾಜಿನ ಪೆಟ್ಟಿಗೆಯೂ ಬಂತು. ಒಳಗೆ ಜರ್ದಾಳು ಹಣ್ಣಿನ ಬಣ್ಣದ ಒಂದು ಹಾವು. ವಿಷವಿಲ್ಲದ್ದು, ಓದುವ ಕಾಲದಿಂದ ಅವಳು ಸಾಕಿದ್ದು.

ಮನೆಯೊಳಗೆ ಹಾವು ಬಂದರೆ ನಮ್ಮಲ್ಲಿ ಯಾರೂ ಹೊಡೆಯುವುದಿಲ್ಲ. ಅದರ ತಲೆಗೆ ಬಿಳಿ ಹಾಕುತ್ತೇವೆ, ಹಾಲೋ ಮೊಸರೋ, ಇದ್ದದ್ದು. ಆಮೇಲೆ ಬಾಗಿಲು ತೆರೆದು ಮರ್ಯಾದೆಯಿಂದ ಕಳಿಸುತ್ತೇವೆ. ಬುರುಲ್ ಅಪಾ ಮೊದಲ ದಿನವೇ ಪೆಟ್ಟಿಗೆಯ ಮುಚ್ಚಳ ಸರಿಸಿ ಒಂದು ಚಮಚ ಹಾಲು ಹಾಕಿದರು, ಮುಂಬಾಗಿಲು ತೆರೆದು ಪಕ್ಕಕ್ಕೆ ಸರಿದು ನಿಂತರು. ಹಾವು ಹೊರಬಂದು, ಕಿಟಕಿಯ ಕೆಳಗೆ, ಮನೆ ಬೆಚ್ಚಗಿಡುವ ಬಿಸಿ ಕೊಳವೆಯ ಹತ್ತಿರ ಸುರುಳಿ ಸುತ್ತಿ ಮಲಗಿತು.

"ಅದು ಅತಿಥಿ ಅಲ್ಲ ಅಪಾ, ಮನೆಯವಳು," ಎಂದು ಚೋಲ್ಪೋನ್ ನಕ್ಕಳು.

"ಮನೆಯವಳಾದ್ರೆ ನಾಳೆಯಿಂದ ಪಾತ್ರೆ ತೊಳೀಲಿ," ಎಂದರು ಅತ್ತೆ.

ಹೀಗೆ ನಗುತ್ತಲೇ ನಡೆಯುತ್ತಿತ್ತು. ಸೊಸೆ ಬಸುರಿ ಎಂದು ತಿಳಿದ ಮೇಲೆ ಬುರುಲ್ ಅಪಾಗೆ ನಗು ಬರಲಿಲ್ಲ. ಕೂಸು ಬರುವ ಮನೆಯಲ್ಲಿ ಹಾವು! ಬಾಯಿಬಿಟ್ಟು ಹೇಳಿದರೆ ಸೊಸೆ ಮುನಿಸಿಕೊಂಡಾಳು. ಹಾಗಾಗಿ ಅವಳು ಕೆಲಸಕ್ಕೆ ಹೋದ ಮೇಲೆ, ಶುಕ್ರವಾರ ಶುಕ್ರವಾರ, ಬೆರಳನ್ನು ಕೆನೆಯಲ್ಲಿ ಅದ್ದಿ ಹಾವಿನ ತಲೆಗೆ ಸವರತೊಡಗಿದರು. "ಬಿಳಿ ಕೊಟ್ಟಿದ್ದೀನಿ ತಾಯಿ, ಕೆಡುಕು ಮಾಡ್ದೆ ಹೊರಟ್ಹೋಗು" ಎನ್ನುವರು, ಮುಚ್ಚಳ ಮುಚ್ಚುವರು. ಯಾರಿಗೂ ಹೇಳಲಿಲ್ಲ.

ಚಳಿಗಾಲ ಬಂತು. ನಮ್ಮ ಕಟ್ಟಡದ ಬಿಸಿ ಕೊಳವೆಗಳು ಗಾಳಿಯನ್ನು ಎಷ್ಟು ಒಣಗಿಸುತ್ತವೆಂದರೆ ಬೆಳಿಗ್ಗೆ ತುಟಿ ಒಡೆದಿರುತ್ತದೆ. ಆಗಲೇ ಹಾವು ಪೊರೆ ಬಿಡಲು ಶುರುಮಾಡಿತು. ಒಂದೇ ಉದ್ದಕ್ಕೆ ಕಳಚಬೇಕಾದ ಪೊರೆ ಚೂರುಚೂರಾಗಿ ಹರಿಯಿತು. ತಲೆಯ ಮೇಲಿನದಂತೂ ಅಲುಗಲೇ ಇಲ್ಲ, ಕಣ್ಣಿನ ಮೇಲೂ ಹಳೆ ಪೊರೆ ಹಾಗೇ ಉಳಿಯಿತು.

ಬುರುಲ್ ಅಪಾ ಬಗ್ಗಿ ನೋಡಿದರು. ಒಣಗಿದ ಕೆನೆ ಆ ಪೊರೆಗೆ ಅಂಟಿ ಗಟ್ಟಿಯಾಗಿ ಕೂತಿತ್ತು. ಸೊಸೆ ಕಂಡರೆ? ಉಗುರಿನಿಂದ ಕೆರೆದರು, ಬರಲಿಲ್ಲ. ಕಾದ ಹಾಲಿನ ಮೇಲಿಂದ ಕೆನೆ ಎತ್ತುವ ಹಾಗೆ ಎರಡು ಬೆರಳಲ್ಲಿ ಪೊರೆಯ ಅಂಚು ಹಿಡಿದು ಎಳೆದೇಬಿಟ್ಟರು. ಕೆನೆ ಅಂಟಿದ ಚೂರಿನ ಜೊತೆ ಎಡಗಣ್ಣಿನಿಂದಲೂ ಏನೋ ಕಿತ್ತು ಬಂತು. ಹಾವು ನಡುಗಿ, ಮೂತಿಯನ್ನು ಗಾಜಿಗೆ ಬಡಿಯಿತು. ಅಪಾ ಮುಚ್ಚಳ ಹಾಕಿದರು, ಕೈ ತೊಳೆದರು, ರಾತ್ರಿಯ ಊಟಕ್ಕೆ ಹಿಟ್ಟು ನಾದುತ್ತಾ ಕೂತರು.

ಸಂಜೆ ನಾನು ಟೀಗೆ ಹೋದಾಗ ಚೋಲ್ಪೋನ್ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತು ಬಿಕ್ಕುತ್ತಿದ್ದಳು. ಹಾವಿನ ಎಡಗಣ್ಣು ಕೆಂಪಾಗಿ ಒಳಗೆ ಕುಸಿದಿತ್ತು. ಪಶುವೈದ್ಯರು ಬಂದು ಹೋಗಿದ್ದರಂತೆ. ಆ ಕಣ್ಣು ಹೋಯಿತು, ಇನ್ನೊಂದರ ಪೊರೆಯನ್ನು ಎಳೆಯದೆ ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ನೆನೆಸಿ, ತಾನಾಗಿ ಬಿಡಲಿ ಎಂದಿದ್ದರಂತೆ.

"ಎಲ್ಲಾ ನನ್ನಿಂದ್ಲೇ ಅಕ್ಕಾ," ಎಂದಳು ನನಗೆ. "ಚಳಿಗಾಲದಲ್ಲಿ ಪೆಟ್ಟಿಗೆ ಒದ್ದೆಯಾಗಿಡ್ಬೇಕು ಅಂತ ಗೊತ್ತಿತ್ತು. ಸುಸ್ತು ಅಂತ ಬಿದ್ಕೊಂಡಿದ್ದೆ. ಅದೇ ತಿಕ್ಕಿ ತಿಕ್ಕಿ ಕಣ್ಣು ಕಳ್ಕೊಂಡಿದೆ."

ಬುರುಲ್ ಅಪಾ ಟೀ ಬಗ್ಗಿಸುತ್ತಿದ್ದರು. ಬಟ್ಟಲು ತುಂಬಿ ಹರಿದದ್ದು ಅವರಿಗೆ ಕಾಣಲಿಲ್ಲ.

"ಗೆಳತಿಗೆ ಹೇಳಿದೀನಿ, ನಾಳೆ ಬಂದು ತಗೊಂಡು ಹೋಗ್ತಾಳೆ," ಎಂದಳು ಚೋಲ್ಪೋನ್. "ಒಂದು ಹಾವು ನೋಡ್ಕೊಳ್ಳೋಕೆ ಬರ್ದಿರೋಳು ಮಗು ಹೇಗೆ ಸಾಕ್ಲಿ?"

ಅಪಾ ಬೇಡಿಕೊಂಡದ್ದು ಅದೇ ಅಲ್ಲವೇ? ಹಾವು ಹೊರಡುತ್ತಿತ್ತು. ಸುಮ್ಮನಿದ್ದರೆ ಸಾಕಿತ್ತು. ಆದರೂ ಅವರು ಟೀ ಪಾತ್ರೆ ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ಸೊಸೆಯ ಪಕ್ಕ ನೆಲಕ್ಕೆ ಕೂತರು.

"ನಾನು ಎಳ್ದೆ," ಎಂದರು.

"ಏನು ಎಳೆದ್ರಿ?"

"ಪೊರೇನ. ಕೆನೆ ಅಂಟ್ಕೊಂಡಿತ್ತು. ಕೆನೇನೂ ನಾನೇ ಹಚ್ಚಿದ್ದು, ಶುಕ್ರವಾರ ಶುಕ್ರವಾರ. ಮಗುಗೆ ಏನಾದ್ರೂ ಆದೀತು, ಅದು ಹೋಗ್ಲಿ ಅಂತ... ನಿನ್ನ ತಪ್ಪಿಲ್ಲ ಮಗಳೇ. ನಾನು ಪಾಪಿ."

ಚೋಲ್ಪೋನ್ ಅತ್ತೆಯ ಮುಖವನ್ನೇ ನೋಡಿದಳು. ಅವಳು ಕಿರುಚಿದ್ದರೆ ನನಗೇ ಸಮಾಧಾನವಾಗುತ್ತಿತ್ತು. ಅವಳು ಎದ್ದು ಹೋಗಿ ಬೆಚ್ಚಗಿನ ನೀರಲ್ಲಿ ಟವೆಲು ಹಿಂಡಿ ತಂದಳು, ಹಾವನ್ನು ಅದರಲ್ಲಿ ಸುತ್ತಿ ಅತ್ತೆಯ ಮಡಿಲಲ್ಲಿಟ್ಟಳು.

"ಹಿಡ್ಕೊಳ್ಳಿ. ಎಳೀಬೇಡಿ. ಅದು ತಾನಾಗಿ ಹರಿದಾಡ್ಲಿ."

ಬೆರಳ ತುದಿಯಲ್ಲಷ್ಟೇ ಹಾವನ್ನು ಮುಟ್ಟಿದ್ದ ಹೆಂಗಸು ಹೆಪ್ಪುಗಟ್ಟಿದಂತೆ ಕೂತರು. ಹಾವು ಒದ್ದೆ ಬಟ್ಟೆಯ ಮಡಿಕೆಗಳಲ್ಲಿ ನುಸುಳುತ್ತಾ, ಅವರ ಅಂಗೈಗೆ ತಲೆ ತಿಕ್ಕುತ್ತಾ ಹೋಯಿತು. ಟೀ ಆರಿತು, ಯಾರೂ ಕುಡಿಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ತಲೆಯ ಪೊರೆ ಟೊಪ್ಪಿಗೆಯಂತೆ ಕಳಚಿ ಬಟ್ಟೆಯಲ್ಲಿ ಉಳಿಯಿತು, ಜೊತೆಗೆ ಬಲಗಣ್ಣಿನದೂ. ಬುರುಲ್ ಅಪಾ ಅದನ್ನು ನೋಡಿ ಗೊಳೋ ಎಂದು ಅತ್ತರು. ಸೊಸೆ ಸಮಾಧಾನ ಮಾಡಲಿಲ್ಲ. ಗೆಳತಿಗೆ ಮಾತ್ರ ಬರಬೇಡ ಎಂದು ಫೋನು ಮಾಡಿದಳು.

ಆಮೇಲೆ ಬಹಳ ಕಾಲ ಅತ್ತೆ ಸೊಸೆಯ ಮಧ್ಯೆ ಉಪ್ಪು ಕೊಡಿ, ಬಾಗಿಲು ಹಾಕಿ ಎನ್ನುವಷ್ಟೇ ಮಾತು. ಬುರುಲ್ ಅಪಾ ದಿನವೂ ಪೆಟ್ಟಿಗೆಗೆ ನೀರು ಚಿಮುಕಿಸುತ್ತಿದ್ದರು, ಹಾವಿಗೆ ಕಾಣಲೆಂದು ಬಲಗಡೆಯಿಂದಲೇ ಹತ್ತಿರ ಹೋಗುತ್ತಿದ್ದರು. ಪೇಟೆಯಲ್ಲಿ ಗಿರಾಕಿಗಳು ಏನೆಂದರೂ ಸುಮ್ಮನೆ ಅಳೆದು ಕೊಡುತ್ತಿದ್ದರು.

ಬೇಸಿಗೆಯಲ್ಲಿ ಹೆಣ್ಣುಕೂಸು ಹುಟ್ಟಿತು. ಒಂದು ಬೆಳಿಗ್ಗೆ ನಾನು ಹೋದಾಗ ಕೂಸಿನ ಕಣ್ಣು ಪಿಸುರು ಕಟ್ಟಿ ಅಂಟಿಕೊಂಡಿತ್ತು, ಬಿಡಿಸಲಾಗದೆ ಅದು ಕಿರುಚುತ್ತಿತ್ತು. ಅಜ್ಜಿ ತೊಟ್ಟಿಲಿನ ಪಕ್ಕದಲ್ಲೇ ಇದ್ದರು, ಆದರೆ ಎರಡೂ ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡಿದ್ದರು.

"ನೀನು ಬಾ ಮಗಳೇ, ನಾನು ಮುಟ್ಟಲ್ಲ. ಕಣ್ಣು ಅದು," ಎಂದು ಕೂಗಿದರು.

ಚೋಲ್ಪೋನ್ ಬಂದಳು. ಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಹಿಂಡಿದಳು. ಅತ್ತೆಯ ಕೈಯನ್ನು ಕಂಕುಳಿನಿಂದ ಹೊರಗೆಳೆದು ಅಂಗೈಯಲ್ಲಿ ಅದನ್ನಿಟ್ಟಳು.

"ನೀವೇ ಒರೆಸಿ, ಅಪಾ," ಎಂದಳು. "ನಿಮಗೆ ಬರತ್ತೆ."