ಬಾರದ ಭಟ್ಟರ ಇಡ್ಲಿ

ಮೈಲಾಪೂರಿನ ನಮ್ಮ ಹೋಟೆಲಿಗೆ ಹಾಜರಿ ಆಪ್ ತಂದವಳು ನಾನೇ. ಈ ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳಿಗೆ ಹೋಟೆಲ್ ಮಾಲೀಕರಾದ ಸೋದರಮಾವನನ್ನು ಸೋಲಿಸುವುದು ಎಷ್ಟರ ಕೆಲಸ? "ರಿಜಿಸ್ಟರಿನಲ್ಲಿ ಯಾರ ಸಹಿ ಯಾರು ಬೇಕಾದರೂ ಹಾಕಬಹುದು ಮಾವ, ಉಪಗ್ರಹ ಸುಳ್ಳು ಹೇಳುದಿಲ್ಲ" ಎಂದೆ. ಮಾವ ಸೋತರು.

ನಿಯಮ ಸರಳ. ನಕ್ಷೆಯ ಮೇಲೆ ಹೋಟೆಲಿನ ಸುತ್ತ ನೂರು ಮೀಟರಿನ ಒಂದು ವೃತ್ತ. ಕೆಲಸದವರು ಅದರೊಳಗೆ ಬಂದು ತಮ್ಮ ತಮ್ಮ ಮೊಬೈಲ್ ಒತ್ತಬೇಕು. ಹೊತ್ತಿಗೆ ಸರಿಯಾಗಿ ಒತ್ತಿದರೆ ಹಸಿರು, ಅರ್ಧ ಗಂಟೆ ಮೀರಿದರೆ ಕೆಂಪು. ಕೆಂಪು ಎಂದರೆ ಆ ದಿನ ಆ ಮನುಷ್ಯ ಬರಲೇ ಇಲ್ಲ.

ಸಪ್ಲೈಯರುಗಳೆಲ್ಲ ಹಸಿರು. ಎದುರಿನ ಟೀ ಅಂಗಡಿಯೂ ವೃತ್ತದೊಳಗೇ ಬರುತ್ತದೆಂದು ಅವರು ಎರಡನೇ ದಿನವೇ ಕಂಡುಹಿಡಿದಿದ್ದರು. ಅಲ್ಲಿ ನಿಂತು ಒತ್ತಿ, ಟೀ ಕುಡಿದು, ಪೇಪರಿನ ಸಿನಿಮಾ ಪುಟ ಮುಗಿಸಿ ನಿಧಾನವಾಗಿ ರಸ್ತೆ ದಾಟುತ್ತಿದ್ದರು. ಕೇಳಿದರೆ, "ಅಕ್ಕಾ, ನಾವು ಆಗಲೇ ಪ್ರೆಸೆಂಟು."

ಕೆಂಪು ಒಬ್ಬರದೇ, ಅಡುಗೆ ಭಟ್ಟರದು. ಕುಂದಾಪುರದ ಕಡೆಯವರು. ಬೆಳಿಗ್ಗೆ ಐದಕ್ಕೆ ಮಿಂದು ಮಡಿಯುಟ್ಟು ಒಲೆಯ ಮುಂದೆ ನಿಲ್ಲುತ್ತಾರೆ. ಮೊದಲು ಬೆಂದ ಇಡ್ಲಿ ದೇವರ ಪಟಕ್ಕೆ, ಆಮೇಲೆ ಊರಿಗೆ. ತಿಂಡಿಯ ಗದ್ದಲ ಮುಗಿಯುವ ತನಕ ಮಡಿ ಬಿಡುವುದಿಲ್ಲ, ಮಡಿಯಲ್ಲಿ ಮೊಬೈಲ್ ಮುಟ್ಟುವುದಿಲ್ಲ. ಒಂಬತ್ತಕ್ಕೆ ಅಂಗಿ ತೊಟ್ಟು, ಕನ್ನಡಕ ಹುಡುಕಿ, ಭಕ್ತಿಯಿಂದ ಒತ್ತುತ್ತಿದ್ದರು. ಕೆಂಪು.

ಬೆಸೆಂಟ್ ನಗರದ ಮಾವನ ಮನೆಗೆ ಆರೂವರೆಗೆ ಕ್ಯಾರಿಯರಿನಲ್ಲಿ ಇಡ್ಲಿ ಹೋಗುತ್ತದೆ. ಭಟ್ಟರು ಇನ್ನೂ ಬಂದಿಲ್ಲವೆಂಬುದನ್ನು ಮಾವ ಮೊಬೈಲಿನಲ್ಲಿ ನೋಡುತ್ತಿದ್ದದ್ದು ಆ ಇಡ್ಲಿಯನ್ನು ಚಟ್ನಿಯಲ್ಲಿ ಅದ್ದುತ್ತಲೇ.

ಅಷ್ಟರಲ್ಲಿ ಊರಿನಲ್ಲಿ ಭಟ್ಟರ ಮಗಳ ಸೀಮಂತ ಶುಕ್ರವಾರಕ್ಕೆ ನಿಶ್ಚಯವಾಯಿತು. ಅವರು ಎಂಟು ದಿನ ರಜೆ ಕೇಳಿದರು. ಗೈರಾದವರಿಗೆ ರಜೆ ಇಲ್ಲ, ಅದೂ ನಾನೇ ಬರೆದ ನಿಯಮ. ಆಪ್ ಅರ್ಜಿಯನ್ನು ಓದದೆಯೇ ತಿರಸ್ಕರಿಸಿತು.

ನಾನು ಪಕ್ಷ ಬದಲಿಸಿದೆ. ಚರ್ಚೆಯಲ್ಲಿ ಅದಕ್ಕೂ ಅಭ್ಯಾಸ ಇರುತ್ತದೆ. "ಮಾವ, ಅವರು ಬರದಿದ್ದರೆ ನೀವು ತಿಂದ ಇಡ್ಲಿ ಯಾರು ಮಾಡಿದ್ದು?"

"ಅದೆಲ್ಲ ನಂಗೊತ್ತಿಲ್ಲ ಮಾರಾಯ್ತಿ. ಉಪಗ್ರಹ ಸುಳ್ಳು ಹೇಳುದಿಲ್ಲ ಅಂದದ್ದು ಯಾರು?"

ನನ್ನ ಆ ವಾಕ್ಯಕ್ಕೆ ಉತ್ತರ ಇದ್ದದ್ದು ಭಟ್ಟರ ಬಳಿ. ಅವರು ಕೈಯೊರೆಸಿಕೊಂಡು ಮಾವನ ಮುಂದೆ ನಿಂತರು. "ರಾಯ್ರೆ, ನಿಮ್ಮ ಲೆಕ್ಕದಲ್ಲಿ ನಾನು ಬರ್ಲೇ ಇಲ್ಲ ಅಲ್ವಾ?"

"ಆಪ್ ಹಾಗೆ ಹೇಳ್ತದೆ ಭಟ್ರೆ."

"ಬಾರದವನಿಗೆ ರಜೆ ಎಂತಕ್ಕೆ? ಹಾಗಾದ್ರೆ ಹೀಗೇ ಹೋಗ್ತೇನೆ."

ಹೋದರು. ಬುಧವಾರದ ರೈಲಿಗೆ.

ಗುರುವಾರದ ಇಡ್ಲಿಯನ್ನು ಮಾಡಿದವನು ಪೂರ್ತಿ ಹಸಿರು ಗುರುತಿನ ಒಬ್ಬ ಸಪ್ಲೈಯರು. ಮಾವ ಒಂದನ್ನು ಮುರಿಯಲು ನೋಡಿ, ತಟ್ಟೆ ಬದಿಗಿಟ್ಟರು. ಎರಡು ದಿನ ತಡೆದರು. ಶನಿವಾರ ಬೆಳಿಗ್ಗೆ ನನ್ನಿಂದ ಭಟ್ಟರಿಗೆ ಫೋನ್ ಮಾಡಿಸಿದರು. ಸ್ಪೀಕರಿನಲ್ಲಿ ಹೆಂಗಸರ ನಗು, ಬಳೆಯ ಸದ್ದು.

"ಭಟ್ರೆ, ಬರುದು ಯಾವಾಗ?"

"ನಾನು ಹೋದದ್ದು ನಿಮ್ಮ ಮೊಬೈಲಿಗೆ ಗೊತ್ತಾಯ್ತಾ?"

ಮಾವ ನನ್ನ ಮುಖ ನೋಡಿದರು. ಗೊತ್ತಾಗಿರಲಿಲ್ಲ. ಅಲ್ಲಿ ಎಂದಿನಂತೆ ಕೆಂಪೇ ಇತ್ತು.

"ರಜೆ ಕೊಟ್ಟಿದ್ದೇನೆ ಭಟ್ರೆ. ಎಂಟು ದಿನವೂ. ಮುಗಿಸ್ಕೊಂಡೇ ಬನ್ನಿ" ಎಂದರು ಮಾವ. ಫೋನಿಟ್ಟು ನನ್ನ ಕಡೆ ತಿರುಗಿ, "ಆ ಕೆಂಪನ್ನೆಲ್ಲ ಹಸಿರು ಮಾಡು. ನೀನೇ ಮಾಡ್ಬೇಕು."

ಇಡೀ ಮಧ್ಯಾಹ್ನ ಒಂದೊಂದೇ ದಿನವನ್ನು ಕೈಯಾರೆ ತಿದ್ದಿದೆ. ಪ್ರತಿ ತಿದ್ದುಪಡಿಗೂ ಆಪ್ ಪುರಾವೆ ಏನೆಂದು ಕೇಳಿತು. ಪ್ರತಿ ಸಲವೂ ಒಂದೇ ಪದ ಬರೆದೆ: ಇಡ್ಲಿ.