ಎಂಟು ಗಂಟೆಯ ನಂತರದ ಏರು

ಸೈಕಲ್ ಮೇಸ್ತ್ರಿ ಪಂಕ್ಚರ್ ಹುಡುಕುತ್ತಿದ್ದುದು ಕೆಳತುಟಿಯಿಂದ. ಗಾಳಿ ತುಂಬಿದ ಟ್ಯೂಬನ್ನು ಬಾಯಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ತಿರುಗಿಸುತ್ತ ಹೋಗುವರು. ಒಂದು ಕಡೆ ಬಂದಾಗ ತುಟಿ ಸಣ್ಣಗೆ ಅದುರುತ್ತಿತ್ತು. ಅಲ್ಲಿ ಉಗುರಿನಿಂದ ಗುರುತು ಮಾಡಿ, ಆಮೇಲೆ ಗಿರಾಕಿಯ ಸಮಾಧಾನಕ್ಕೆಂದು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ತೋರಿಸುವರು. ಆ ತುಟಿ ತಪ್ಪಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.

ನಾನು ನರ್ಸ್ ಆಗಿದ್ದವಳು. ಸಿರುಗುಪ್ಪ, ಕುರುಗೋಡು, ಕೊನೆಗೆ ಬಳ್ಳಾರಿ, ಒಟ್ಟು ಮೂವತ್ತಾರು ವರ್ಷ. ಬಳ್ಳಾರಿಗೆ ವರ್ಗವಾಗಿ ಬಂದ ಮೊದಲ ವಾರವೇ ನನ್ನ ಸೈಕಲ್ಲಿನ ಹಿಂದಿನ ಚಕ್ರ ಕೆಟ್ಟಿತು. ಕೌಲ್ ಬಜಾರಿನ ಒಂದು ಓಣಿಯ ಮೂಲೆಯಲ್ಲಿದ್ದ ಅವರ ಅಂಗಡಿಗೆ ತಳ್ಳಿಕೊಂಡು ಹೋದೆ. ಅಂದಿನಿಂದ ಆ ಸೈಕಲ್ಲಿಗೆ ಬೇರೆ ಯಾರೂ ಕೈ ಹಚ್ಚಿಲ್ಲ.

ಆಸ್ಪತ್ರೆಯಲ್ಲಿ ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ ಡ್ಯೂಟಿ ಬದಲಾಗುತ್ತಿತ್ತು. ಹೋಗುವವಳು ಬರುವವಳಿಗೆ ಒಂದೊಂದು ಹಾಸಿಗೆಯ ಮುಂದೆಯೂ ನಿಂತು, ಆ ಹೊತ್ತಿನಲ್ಲಿ ಏನಾಯಿತು ಎಂಬುದನ್ನು ಬಿಡದೆ ಹೇಳಬೇಕು. ಇದಕ್ಕೆ ನಾವು ಚಾರ್ಜ್ ಕೊಡುವುದು ಎನ್ನುತ್ತಿದ್ದೆವು. ನಿವೃತ್ತಿಯಾದ ಮೇಲೂ ನನ್ನ ಮೈ ಆ ಗಂಟೆಗಳನ್ನು ಬಿಡಲಿಲ್ಲ. ರಾತ್ರಿ ಎಂಟಕ್ಕೆ ಊಟ, ಒಂಬತ್ತಕ್ಕೆ ದೀಪ ಆರಬೇಕು, ನಾಲ್ಕೂವರೆಗೆ ಏಳಬೇಕು. ನಾನು ಮದುವೆಯಾಗಲಿಲ್ಲ. ಹಾಗಾಗಿ ಈ ಕ್ರಮವನ್ನು ಕೆಡಿಸುವವರೂ ಮನೆಯಲ್ಲಿ ಇರಲಿಲ್ಲ.

ಮೇಸ್ತ್ರಿಯ ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ಸಿರುಗುಪ್ಪದ ಆಚೆ ದೇಶನೂರಿಗೆ ಕೊಟ್ಟಿದ್ದರು. ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ ಅವರ ವಾಸ.

ಒಂದು ಚಳಿಗಾಲ, ಸೈಕಲ್ ಮೇಲೆ ಹಂಪಿಗೆ ಹೊರಟಿದ್ದ ಬೆಲ್ಜಿಯಂ ದೇಶದವನೊಬ್ಬ ಚಕ್ರದ ಕಡ್ಡಿಗಳು ಮುರಿದು ಅವರ ಅಂಗಡಿಯ ಮುಂದೆ ಬಂದು ನಿಂತ. ಅಂಥ ಕಡ್ಡಿ ಬಳ್ಳಾರಿಯಲ್ಲಿ ಸಿಗುವಂಥದ್ದಲ್ಲ. ಮೇಸ್ತ್ರಿ ಬೇರೆ ಕಡ್ಡಿಯನ್ನೇ ಕತ್ತರಿಸಿ, ತುದಿಗೆ ತಿರುಪಿನ ಗೆರೆ ಕೊರೆದು, ಸಂಜೆಯೊಳಗೆ ಚಕ್ರ ಸರಿ ಮಾಡಿ ಕೊಟ್ಟರು. ಕಾಯುತ್ತ ಕೂತಿದ್ದ ಅವನು ತನ್ನ ದೇಶದ ಸೈಕಲ್ ಓಟವನ್ನು ಫೋನಿನಲ್ಲಿ ತೋರಿಸಿದನಂತೆ. ಒಂದೇ ದಿನದ ಓಟ, ಆರು ತಾಸು ಗುಡ್ಡ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಅದರಲ್ಲಿ ಓಡುವವರ ಪೈಕಿ ಒಬ್ಬ ತನ್ನ ಊರಿನ ಹುಡುಗ ಎಂದೂ ಹೇಳಿದನಂತೆ. ಹೋಗುವಾಗ, ಪ್ರತಿ ಏಪ್ರಿಲ್‌ನಲ್ಲಿ ಅದನ್ನು ಎಲ್ಲಿ ನೋಡಬೇಕು ಎಂಬುದನ್ನು ಮೇಸ್ತ್ರಿಯ ಫೋನಿನಲ್ಲಿ ಹಾಕಿ ಕೊಟ್ಟ.

ಇಂಗ್ಲಿಷ್ ಓದಿ ಹೇಳಲು ಯಾರಾದರೂ ಬೇಕಾಗಿತ್ತು. ಹಾಗೆ ನಾನು ಸೇರಿಕೊಂಡೆ.

ಏಪ್ರಿಲ್‌ನ ಭಾನುವಾರ ಸಂಜೆ ಬಳ್ಳಾರಿಯಲ್ಲಿ ಎಲ್ಲರೂ ಕ್ರಿಕೆಟ್ ನೋಡುತ್ತಿರುತ್ತಾರೆ. ಪಕ್ಕದ ಚಹಾ ಅಂಗಡಿಯಲ್ಲಿ ಟಿವಿಯ ಮುಂದೆ ಜನ ನಿಂತು ಕೂಗುವರು. ಇತ್ತ ನಾವಿಬ್ಬರು ಎರಡು ಸ್ಟೂಲು ಹಾಕಿಕೊಂಡು, ಫೋನನ್ನು ಗಾಳಿ ಪಂಪಿಗೆ ಒರಗಿಸಿ, ಹೆಸರು ಕೇಳದ ಊರುಗಳ ಏರುಗಳನ್ನು ನೋಡುತ್ತಿದ್ದೆವು. ಚಹಾದವನು ಆಗಾಗ ಬಂದು ಬಗ್ಗಿ ನೋಡಿ ಕೆಣಕುತ್ತಿದ್ದ.

"ಏನ್ ಮೇಸ್ತ್ರಿ, ನಾಷ್ಟಾ ಮಾಡಿ ಬಿಟ್ಟೋರು ಇನ್ನಾ ಊರು ಮುಟ್ಟಿಲ್ಲೇನು?"

"ನಿಮ್ಮೋರು ಮೂರು ತಾಸು ನಿಂತಿರ್ತಾರ, ನಮ್ಮೋರು ಆರು ತಾಸು ತುಳಿತಾರ. ಚಹಾ ಯಾರಿಗಿ ಕೊಡಬೇಕು ನೀನ ಹೇಳಲೇ" ಎಂದು ಮೇಸ್ತ್ರಿ ಕಣ್ಣು ತೆಗೆಯದೆ ಹೇಳುವರು.

ಪರದೆಯ ಮೇಲೆ ರಸ್ತೆಯ ಎರಡೂ ಬದಿಗೆ ಜನ. ಬೆಳಿಗ್ಗೆಯಿಂದ ಕುರ್ಚಿ, ಬುತ್ತಿ, ಬಾವುಟ ತಂದು ಏರಿನ ಮೇಲೆ ಕಾದು ಕೂತವರು. ಸವಾರರು ಬಂದಾಗ ಹುಚ್ಚೆದ್ದವರಂತೆ ಅವರ ಜೊತೆ ನಾಲ್ಕು ಹೆಜ್ಜೆ ಓಡುವರು, ಅಷ್ಟರಲ್ಲಿ ಮುಗಿದು ಹೋಗುತ್ತಿತ್ತು. ಅಷ್ಟಕ್ಕೋಸ್ಕರ ದಿನವೆಲ್ಲ ನಿಲ್ಲುವುದೇ ಎಂದು ನಾನು ಕೇಳಿದ್ದೆ. ಏರಿನಲ್ಲಿ ಅವರ ಉಸಿರು ಕೇಳಿಸುತ್ತದೆ, ಅದಕ್ಕೇ ಅಲ್ಲಿ ನಿಂತಿದ್ದಾರೆ ಎಂದರು ಮೇಸ್ತ್ರಿ. ಅವರು ಮಾತ್ರ ಎಂದೂ ಕೂಗಿದವರಲ್ಲ. ಏರು ಬಂದಾಗ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ತುದಿ ಮುಟ್ಟಿದ ಮೇಲೆ ಮೂಗಿನಿಂದ ಉದ್ದನೆಯ ಉಸಿರು ಬಿಡುವರು. ಅವರ ಸಂಭ್ರಮ ಅಷ್ಟೇ.

ಅವರು ಕುರುಗೋಡಿನವರು. ಹರೆಯದಲ್ಲಿ ಅಲ್ಲಿಂದ ಬಳ್ಳಾರಿಯ ಹೋಟೆಲುಗಳಿಗೆ ಸೈಕಲ್ ಮೇಲೆ ಹಾಲಿನ ಕ್ಯಾನು ತರುತ್ತಿದ್ದವರು. ಎಲ್ಲ ಏರುಗಳನ್ನೂ ಕುರುಗೋಡು ಗುಡ್ಡದ ಮಗ್ಗುಲಿನ ಏರಿನಿಂದ ಅಳೆಯುವರು. ಇದು ನಮ್ಮ ಏರಿನ ಎರಡರಷ್ಟು, ಇದು ನಾಲ್ಕರಷ್ಟು ಎಂದು. ಅಳಿಯನ ಕಡೆಯವರನ್ನು ಹಾಸ್ಯ ಮಾಡುವುದೂ ಇದರಲ್ಲೇ. ಸಿರುಗುಪ್ಪದ ಕಡೆಯವರಿಗೆ ಏರು ಅಂದರೆ ಕಾಲುವೆಯ ದಂಡೆ ಮಾತ್ರ ಗೊತ್ತು ಎಂದು ನಗುವರು.

ನಮ್ಮ ಸವಾರ ಆ ಬೆಲ್ಜಿಯಂನವನ ಊರಿನ ಹುಡುಗ. ನೂರೈವತ್ತಕ್ಕೂ ಹೆಚ್ಚು ಸವಾರರ ನಡುವೆ ಮೇಸ್ತ್ರಿ ಅವನನ್ನು ಕೂಡಲೇ ಹಿಡಿಯುತ್ತಿದ್ದರು. ಏರು ಬಂದಾಗ ಅವನ ಎಡ ಮೊಣಕಾಲು ಹೊರಗೆ ಬಾಗುತ್ತಿತ್ತು. ತಂಡದಲ್ಲಿ ಅವನ ಕೆಲಸ ಗೆಲ್ಲುವುದಲ್ಲ, ಹಿಂದಿನ ಕಾರಿನಿಂದ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುಂಬಿಕೊಂಡು ಬಂದು ತಂಡದ ನಾಯಕನಿಗೆ ಕೊಡುವುದು. ಆ ಕೆಲಸ ಮುಗಿದ ಮೇಲೆ ಅವನು ಹಿಂದೆ ಬೀಳುತ್ತಿದ್ದ.

"ಹೊರೋದು ಏನಂತ ನನಗ ಗೊತ್ತೈತ್ರಿ ಸಿಸ್ಟರಮ್ಮ" ಎಂದಿದ್ದರು ಮೇಸ್ತ್ರಿ. "ಹಾಲಿನ ಕ್ಯಾನ್ ಹೊತ್ತು ಏರು ಹತ್ತಿದವಗ ಯಾರೂ ಚಪ್ಪಾಳಿ ಹೊಡಿಯಂಗಿಲ್ಲ."

ಓಟ ಮುಗಿಯುತ್ತಿದ್ದುದು ನಮ್ಮ ರಾತ್ರಿ ಎಂಟೂವರೆಯ ಹೊತ್ತಿಗೆ. ನಾನು ಎಂಟಕ್ಕೆ ಏಳುತ್ತಿದ್ದೆ. ಕೊನೆಯ ಏರು ಇನ್ನೂ ಬಾಕಿ ಇರುವಾಗ ಎದ್ದು ಮನೆಗೆ ಬಂದು ಊಟ ಮಾಡುತ್ತಿದ್ದೆ. ಆರು ವರ್ಷದ ಏಪ್ರಿಲ್‌ಗಳು ಹೀಗೇ ಕಳೆದವು. ಮೇಸ್ತ್ರಿ ತಡೆಯುತ್ತಿರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಏಳೂವರೆಗೆ ಸೈಕಲ್ ತಳ್ಳಿಕೊಂಡು ಹೋದರೆ ಅವರು ಚಾರ್ಜ್ ಕೊಡುತ್ತಿದ್ದರು. ಆ ಮಾತನ್ನು ನನ್ನಿಂದಲೇ ಕಲಿತಿದ್ದರು. ಅಂಗಡಿಯ ಮುಂದಿನ ಸಿಮೆಂಟ್ ಕಟ್ಟೆಯ ಮೇಲೆ ಹಳೆಯ ಸೈಕಲ್ ಗಂಟೆಗಳ ಬಟ್ಟಲುಗಳನ್ನು ಬೋರಲು ಇಡುವರು. ಅವು ಗುಡ್ಡಗಳು. ತಗಡಿನ ಡಬ್ಬಿಯಿಂದ ನಟ್ಟುಗಳನ್ನು ಸುರಿದು ಸಾಲು ಮಾಡುವರು. ಅವು ಸವಾರರು. ನಮ್ಮ ಹುಡುಗನಿಗೆ ಮಾತ್ರ ಟ್ಯೂಬಿನ ಬಾಯಿಗೆ ಹಾಕುವ ಒಂದು ಹಿತ್ತಾಳೆಯ ಮುಚ್ಚಳ. ಯಾರು ಎಲ್ಲಿ ಮುಂದೆ ಹಾರಿದ, ಯಾವ ತಿರುವಿನಲ್ಲಿ ಬಿದ್ದ, ಯಾರು ಯಾರನ್ನು ಹಿಡಿದ, ಒಂದನ್ನೂ ಬಿಡದೆ ನಟ್ಟುಗಳನ್ನು ಬೆರಳಿನಿಂದ ತಳ್ಳುತ್ತ ಹೇಳುವರು. ಕೊನೆಗೆ ಹಿತ್ತಾಳೆಯ ಮುಚ್ಚಳವನ್ನು ಎಲ್ಲೋ ಹಿಂದೆ, ಅದರ ಜಾಗದಲ್ಲಿ ಇಡುವರು. ನನಗೆ ಓಟಕ್ಕಿಂತ ಇದೇ ಹೆಚ್ಚು ಇಷ್ಟವಾಗಿತ್ತು ಎಂದು ಈಗ ಅನಿಸುತ್ತದೆ.

ಒಂದು ವರ್ಷ ನಾನೇ ಹೇಳಿದೆ. "ಒಂದು ಸಲ ನಮ್ಮ ಹುಡುಗ ಗೆದ್ದ ಅಂತ ಹೇಳಬಾರದೇನ್ರಿ? ನನಗೇನು ಗೊತ್ತಾಗ್ತದ?"

ಮೇಸ್ತ್ರಿ ನಗಲಿಲ್ಲ. "ನೀವು ನೋಡಿಲ್ಲಂತ ಅವ ಗೆಲ್ಲಾಕ ಬರತೈತೇನ್ರಿ?" ಎಂದರು.

ಇನ್ನೊಂದು ಸಂಗತಿ. ಫೋನಿನಲ್ಲಿ ಓಟದ ಕೆಳಗೆ ನೋಡುವವರ ಮಾತುಗಳು ಹರಿಯುತ್ತಿದ್ದವು. ಗೊತ್ತಿಲ್ಲದ ಭಾಷೆಗಳು, ಬೈಗುಳ, ಬಾವುಟಗಳು, ಚಪ್ಪಾಳೆಯ ಚಿತ್ರಗಳು. ನಮ್ಮದೂ ಒಂದು ಇರಲಿ ಎಂದು ಅವರು ಆಸೆಪಟ್ಟರು. ಬಳ್ಳಾರಿಯಿಂದ ಇಬ್ಬರು ನೋಡುತ್ತಿದ್ದೇವೆ ಎಂದು ನಾನು ಇಂಗ್ಲಿಷಿನಲ್ಲಿ ಬರೆದೆ. ಅದು ಒಂದು ಕ್ಷಣ ನಿಂತು, ಬೇರೆ ಮಾತುಗಳ ಜೊತೆ ಮೇಲೆ ಸರಿದು ಕಾಣದಾಯಿತು. ಯಾರಾದರೂ ಏನಾದರೂ ಅನ್ನಬಹುದೆಂದು ಮೇಸ್ತ್ರಿ ಸ್ವಲ್ಪ ಹೊತ್ತು ಪರದೆಯ ಕೆಳಗನ್ನೇ ನೋಡುತ್ತಿದ್ದರು. ಯಾರೂ ಏನೂ ಅನ್ನಲಿಲ್ಲ. ಆದರೂ ಪ್ರತಿ ವರ್ಷ ಒಂದು ಸಲ ಅದನ್ನು ಬರೆಸುವುದು ನಮ್ಮ ಪದ್ಧತಿಯಾಯಿತು.

ಆರನೆಯ ವರ್ಷದ ಏಪ್ರಿಲ್‌ನಲ್ಲಿ ಎಂದೂ ಆಗದ್ದು ಆಯಿತು. ಓಟ ಶುರುವಾದ ಹೊಸದರಲ್ಲೇ ಐದು ಜನ ಗುಂಪು ಬಿಟ್ಟು ಮುಂದೆ ಹೋದರು. ಅವರಲ್ಲಿ ಒಬ್ಬನ ಎಡ ಮೊಣಕಾಲು ಹೊರಗೆ ಬಾಗುತ್ತಿತ್ತು. ಏಳು ಗಂಟೆಗೂ ಅವನು ಮುಂದೆಯೇ ಇದ್ದ. ಏಳೂವರೆಗೆ ಐವರಲ್ಲಿ ಇಬ್ಬರು ಸೋತು ಹಿಂದೆ ಬಿದ್ದರು, ಅವನು ಬೀಳಲಿಲ್ಲ. ಮೇಸ್ತ್ರಿ ಸ್ಟೂಲಿನಿಂದ ಕೆಳಗಿಳಿದು ನೆಲದ ಮೇಲೆ ಕೂತಿದ್ದರು, ಫೋನಿಗೆ ಇನ್ನಷ್ಟು ಹತ್ತಿರವಾಗಿ.

ಎಂಟಾಯಿತು. ನಾನು ಎದ್ದೆ.

"ಇವತ್ತೊಂದಿನ ಕುಂದರ್ರಿ ಸಿಸ್ಟರಮ್ಮ" ಎಂದರು. ಆರು ವರ್ಷಗಳಲ್ಲಿ ಅವರು ಹೀಗೆ ಕೇಳಿದ್ದು ಅದೊಂದೇ ಸಲ.

ಬೆಳಿಗ್ಗೆ ಬರುತ್ತೇನಲ್ಲ, ಚಾರ್ಜ್ ಕೊಡಿ ಎಂದೆ. ಅವರು ತಲೆಯಾಡಿಸಿದರು. ಮನೆಗೆ ಬಂದು ಬಿಸಿ ಅನ್ನ ಉಂಡೆ, ಒಂಬತ್ತಕ್ಕೆ ದೀಪ ಆರಿಸಿದೆ. ಫೋನು ಕೈಗೆ ಸಿಗುವಂತೆಯೇ ಇತ್ತು. ಆದರೆ ಅವರ ಬಾಯಿಂದ ಕೇಳಬೇಕಾದದ್ದನ್ನು ಮೊದಲೇ ನೋಡಿಬಿಡುವುದು ಸರಿಯೆನಿಸಲಿಲ್ಲ.

ಬೆಳಿಗ್ಗೆ ಏಳೂವರೆಗೆ ಹೋದಾಗ ಅಂಗಡಿಯ ಬಾಗಿಲು ಮುಚ್ಚಿತ್ತು. ನಸುಕಿನಲ್ಲಿ ಮುಖ ತೊಳೆಯಲು ಹೊರಬಂದವರು ನಳದ ಹತ್ತಿರ ಕುಸಿದಿದ್ದರು ಎಂದು ಚಹಾದವನು ಹೇಳಿದ. ಅವನೇ ಆಸ್ಪತ್ರೆಗೆ ಸೇರಿಸಿ ಬಂದಿದ್ದ. ವಾರ್ಡಿಗೆ ಹೋಗಿ ನೋಡಿದ ಕೂಡಲೇ ಲಕ್ವ ಹೊಡೆದಿದೆಯೆಂದು ನನಗೆ ತಿಳಿಯಿತು. ಬಲಗೈ, ಬಲಗಾಲು ಬಿದ್ದಿದ್ದವು. ಮಾತು ಹೋಗಿತ್ತು. ಕೆಳತುಟಿ ಬಲಕ್ಕೆ ಜೋತಿತ್ತು, ನೀರು ಕುಡಿಸಿದರೆ ಆ ಬದಿಯಿಂದ ಇಳಿಯುತ್ತಿತ್ತು. ಅದನ್ನು ಒರೆಸುವಾಗ ತುಟಿಗೆ ಬಟ್ಟೆ ತಾಕಿದ್ದೂ ಅವರಿಗೆ ಗೊತ್ತಾಗಲಿಲ್ಲ.

ಮೂರು ವಾರದ ನಂತರ ಮಗಳು ದೇಶನೂರಿಗೆ ಕರೆದುಕೊಂಡು ಹೋದಳು. ಅಂಗಡಿ ಖಾಲಿ ಮಾಡುವ ದಿನ ನಾನೂ ಹೋಗಿದ್ದೆ. ತಗಡಿನ ಡಬ್ಬಿಯನ್ನೂ ಸೈಕಲ್ ಗಂಟೆಯ ನಾಲ್ಕು ಬಟ್ಟಲುಗಳನ್ನೂ ಕೇಳಿ ತೆಗೆದುಕೊಂಡೆ.

ಒಂದು ಭಾನುವಾರ ಸಿರುಗುಪ್ಪಕ್ಕೆ ಹೊರಟೆ. ನೇರವಾಗಿ ಹೋಗಬಹುದಿತ್ತು. ಆದರೆ ಕುರುಗೋಡಿನ ಮೇಲೆ ಸುತ್ತಿ ಹೋಗುವ ಬಸ್ಸು ಹತ್ತಿದೆ. ಅವರ ಏರನ್ನು ಕಿಟಕಿಯಿಂದ ನೋಡಿದೆ. ಬಸ್ಸಿಗೆ ಅದು ಏರೇ ಅಲ್ಲ, ಗೇರು ಕೂಡ ಬದಲಾಗಲಿಲ್ಲ. ಬಾದನಹಟ್ಟಿ ದಾಟಿದ ಮೇಲೆ ಗುಡ್ಡಗಳು ಹಿಂದೆ ಉಳಿದವು. ದೇಶನೂರಿನ ಸುತ್ತ ಭತ್ತದ ಗದ್ದೆ, ಕಣ್ಣು ಹಾಯುವವರೆಗೂ ಒಂದೇ ಮಟ್ಟ. ಮೇಸ್ತ್ರಿಯ ಮಂಚವನ್ನು ಪಡಸಾಲೆಯಲ್ಲಿ ಹಾಕಿದ್ದರು. ನನ್ನನ್ನು ನೋಡಿ ಮುಖದ ಎಡ ಅರ್ಧ ನಕ್ಕಿತು.

ಹಿಂದಿನ ದಿನ ನಾನು ಓಟದ ಕೊನೆಯ ಭಾಗವನ್ನು ಫೋನಿನಲ್ಲಿ ಹುಡುಕಿ ನೋಡಿದ್ದೆ. ಕೊನೆಯ ಏರಿನ ಅರ್ಧದಲ್ಲಿ ಹಿಂದಿನವರು ನಮ್ಮ ಹುಡುಗನನ್ನು ಹಿಡಿದಿದ್ದರು. ಒಬ್ಬೊಬ್ಬರಾಗಿ ಅವನನ್ನು ದಾಟಿ ಹೋಗಿದ್ದರು. ಅವನು ಮೂವತ್ತೇಳನೆಯವನಾಗಿ ಬಂದಿದ್ದ.

ಆದರೆ ನಾನು ಮೂವತ್ತಾರು ವರ್ಷ ರೋಗಿಗಳ ಪಕ್ಕ ನಿಂತವಳು. ನಾಳೆ ಎದ್ದು ಕೂಡುತ್ತೀರಿ, ಇದು ನೋಯುವುದಿಲ್ಲ, ನಿಮ್ಮ ಮಗ ದಾರಿಯಲ್ಲಿದ್ದಾನೆ ಎಂದು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಬೀಳುವ ಹಿಂದಿನ ರಾತ್ರಿಯ ನೆನಪು ಇಂಥವರಿಗೆ ಉಳಿಯುವುದಿಲ್ಲ ಎಂದೂ ಅಂದುಕೊಂಡಿದ್ದೆ. ಹಾಸಿಗೆಯ ಮೇಲೆ ಹಲಗೆ ಇಟ್ಟು, ಗಂಟೆ ಬಟ್ಟಲುಗಳನ್ನು ಬೋರಲು ಹಾಕಿ, ನಟ್ಟುಗಳ ಸಾಲು ಮಾಡಿದೆ. ನನಗೆ ಬರುವ ರೀತಿಯಲ್ಲಿ, ವಾರ್ಡಿನ ವರದಿಯಂತೆ, ಒಂದೊಂದನ್ನೇ ಹೇಳುತ್ತ ಬಂದೆ. ಕೊನೆಯ ಗುಡ್ಡ ದಾಟಿಸಿ ಹಿತ್ತಾಳೆಯ ಮುಚ್ಚಳವನ್ನು ಎಲ್ಲಕ್ಕೂ ಮುಂದೆ ಇಟ್ಟೆ. ಗೆದ್ದ ನೋಡ್ರಿ ನಮ್ಮ ಹುಡುಗ ಎಂದೆ.

ಮೇಸ್ತ್ರಿ ಬಹಳ ಹೊತ್ತು ಹಲಗೆಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮುಖದ ಎಡ ಅರ್ಧದಲ್ಲಿ ನಗು ಇರಲಿಲ್ಲ. ಎಡಗೈ ಮೆಲ್ಲಗೆ ಬಂತು. ಆ ಸಣ್ಣ ಮುಚ್ಚಳ ಬೆರಳಿಗೆ ಸಿಗದೆ ಎರಡು ಸಲ ಜಾರಿತು. ನಾನು ಎತ್ತಿ ಕೊಡಲು ಹೋದೆ, ಕೈಯಿಂದ ತಳ್ಳಿದರು. ಮೂರನೆಯ ಸಲ ಹಿಡಿದು, ಕೊನೆಯ ಬಟ್ಟಲಿನ ಹಿಂದಕ್ಕೆ ತಂದರು. ಮೊದಲು ನಟ್ಟುಗಳನ್ನು ಒಂದೊಂದಾಗಿ ಆಚೆಗೆ ತಳ್ಳಿದರು, ಒಂದನ್ನೂ ಬಿಡದೆ. ಎಲ್ಲವೂ ಹೋದ ಮೇಲೆ ಹಿತ್ತಾಳೆಯ ಮುಚ್ಚಳವನ್ನು ಬಟ್ಟಲಿನ ಬೆನ್ನಿನ ಮೇಲೆ ಹತ್ತಿಸಿದರು. ತುದಿಯಲ್ಲಿ ಒಂದು ಕ್ಷಣ ನಿಲ್ಲಿಸಿ ಆಚೆಗೆ ಇಳಿಸಿದರು. ಮೂಗಿನಿಂದ ಉದ್ದನೆಯ ಉಸಿರು ಬಿಟ್ಟರು.

ಬಾಗಿಲಲ್ಲಿ ನಿಂತಿದ್ದ ಮಗಳು ಏನಾಯಿತೆಂದು ಕೇಳಿದಳು.

"ನಾನು ತಪ್ಪು ಹೇಳಿದ್ದೆ. ನಿಮ್ಮಪ್ಪ ಚಾರ್ಜ್ ಕೊಟ್ಟರು" ಎಂದೆ.

ಡಬ್ಬಿಯನ್ನು ಅವರ ಬಳಿಯೇ ಬಿಟ್ಟು ಬಂದೆ. ಅದಾದ ಮೇಲೆ ಇನ್ನೂ ಮೂರು ಸಲ ಹೋದೆ. ದಸರೆಗೆ ಮುಂಚೆ ಅವರು ತೀರಿಕೊಂಡರು. ಅಂಗಡಿ ಇದ್ದಲ್ಲಿ ಈಗ ಫೋನಿನ ಕವರು ಮಾರುತ್ತಾರೆ. ಮಗಳು ಬಳ್ಳಾರಿಗೆ ಬಂದಾಗ ಡಬ್ಬಿಯನ್ನು ನನಗೆ ತಂದು ಕೊಟ್ಟಳು.

ಈ ಏಪ್ರಿಲ್‌ನಲ್ಲಿ ಊಟದ ಮೇಜಿನ ಮೇಲೆ ಫೋನನ್ನು ಆ ಡಬ್ಬಿಗೆ ಒರಗಿಸಿ ಕೂತೆ. ಎಡ ಮೊಣಕಾಲನ್ನು ಹುಡುಕಲು ನನಗೆ ಒಂದು ತಾಸು ಬೇಕಾಯಿತು. ಅವನು ಬಾಟಲಿ ಹೊರುತ್ತಿದ್ದ. ಎಂಟು ಹೊಡೆದಾಗ ಮೈ ತಾನಾಗಿ ಎದ್ದಿತು, ಮತ್ತೆ ಕೂರಿಸಿದೆ. ಅಡುಗೆಮನೆಯಲ್ಲಿ ಅನ್ನ ಆರಿತು. ಗೆದ್ದವನು ಬಂದು, ಜನ ಕೂಗಿ, ಅವನನ್ನು ಎತ್ತಿ ಹಿಡಿದ ಮೇಲೂ ಉಳಿದವರು ಒಬ್ಬೊಬ್ಬರಾಗಿ ಬರುತ್ತಲೇ ಇದ್ದರು. ನಾನು ಎಣಿಸುತ್ತ ಕೂತೆ.

ನಡುವೆ ನಮ್ಮ ಪದ್ಧತಿ ನೆನಪಾಗಿ ಪರದೆಯ ಕೆಳಗೆ ಬರೆಯಲು ಹೋದೆ. ಬೆರಳು ರೂಢಿಯಂತೆ ಬಳ್ಳಾರಿಯಿಂದ ಇಬ್ಬರು ಎಂದು ಬರೆಯಿತು. ಕಳಿಸುವ ಮೊದಲು ಅಳಿಸಿದೆ. ಒಬ್ಬಳು ಎಂದು ತಿದ್ದಿ ಕಳಿಸಿದೆ.