ನಿತ್ಯಪುಷ್ಪದ ಸಾಲು

ನಿತ್ಯಪುಷ್ಪವನ್ನು ಕಂಡರೆ ನನಗೆ ಇಂದಿಗೂ ಆಗುವುದಿಲ್ಲ. ಎಲ್ಲೋ ಕಡಲತೀರದ ಕುರುಚಲು ಕಾಡಿನಿಂದ ಬಂದ ಹೂವಂತೆ, ಅಲ್ಲೇ ಇರಬಾರದಿತ್ತೇ?

ಎಂಬತ್ತರ ದಶಕದ ಆರಂಭದಲ್ಲಿ ನಾವು ಸಹಕಾರನಗರದಲ್ಲಿ ಹೊಸದಾಗಿ ಮನೆ ಕಟ್ಟಿದೆವು. ಹಿತ್ತಲಲ್ಲಿ ಆ ಗಿಡಗಳು ಮೊದಲೇ ಇದ್ದವು, ಯಾರೋ ಅಳೆದು ನೆಟ್ಟಂತೆ ಸಾಲಾಗಿ. ನೀರು ಹಾಕದಿದ್ದರೂ ದಿನವೂ ಅರಳುತ್ತಿದ್ದವು. ತುಂಬು ಬಸುರಿಯಾಗಿದ್ದ ಅಮ್ಮ ಆ ಹೂಗಳನ್ನೇ ಬಿಡಿಸಿ ದೇವರಿಗೆ ಏರಿಸುತ್ತಿದ್ದಳು.

ಒಂದು ಬೆಳಿಗ್ಗೆ, ಪಕ್ಕದ ಹಳ್ಳಿಯಿಂದ ಹಾಲು ತರುತ್ತಿದ್ದ ಅಜ್ಜಿ ಅಮ್ಮನ ಕೈಯಲ್ಲಿದ್ದ ಹೂಬುಟ್ಟಿ ನೋಡಿ ಗಕ್ಕನೆ ನಿಂತಳು.

"ಇವನ್ನ ಯಾಕವ್ವ ಕಿತ್ತೆ? ಎಳೇ ಕೂಸು ತೀರ್ಕಂಡ್ರೆ ಮಣ್ ಮಾಡಿ, ತಲೆ ತಾವ ಈ ಗಿಡ ನೆಡ್ತೀವಿ. ಮೇಕೆ ಬಾಯಿ ಆಕಲ್ಲ ನೋಡು, ಅದ್ಕೆ."

"ಇಲ್ಲೇನಾ ಅಜ್ಜಿ?" ಎಂದಳು ಅಮ್ಮ.

ಅಜ್ಜಿ ಬೆರಳೆತ್ತಿ ಸಾಲಿನುದ್ದಕ್ಕೂ ತೋರಿಸಿದಳು. ಬೆರಳು ಹಿತ್ತಲಲ್ಲಿ ನಿಲ್ಲಲಿಲ್ಲ. ನೇರವಾಗಿ ನಮ್ಮ ಅಡುಗೆಮನೆಯ ಗೋಡೆಯವರೆಗೆ ಹೋಯಿತು.

ಅಮ್ಮ ಬುಟ್ಟಿ ಕೆಳಗಿಟ್ಟು, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಳು.

ಆ ಮಳೆಗಾಲದಲ್ಲಿ ಒಲೆಯ ಬದಿಯ ನೆಲ ಬಿರುಕು ಬಿಟ್ಟು ಎರಡು ಎಳೆ ಎಲೆಗಳು ಮೇಲೆದ್ದವು. ಕೀಳಲು ಮನೆಯಲ್ಲಿ ಯಾರಿಗೂ ಕೈ ಬರಲಿಲ್ಲ.